ಕೂಲರಿನ ಹಿಂದೆ ಯಜಮಾನರು

ರುಕ್ಮಿಣಮ್ಮ ಕಾಫಿ ಲೋಟವನ್ನು ಜಗಲಿಯ ಕಟ್ಟೆಯ ಮೇಲಿಟ್ಟು, ಅಲ್ಲೇ ಮೈ ನೆಕ್ಕಿಕೊಳ್ಳುತ್ತ ಕೂತಿದ್ದ ಬೆಕ್ಕಿಗೆ, "ಕಾಫಿ ಇಟ್ಟಿವ್ನಿ, ಆರೋಯ್ತದೆ" ಎಂದು ಹೇಳಿ ಒಳಗೆ ಹೋದಳು. ಕಾಫಿ ಕುಡಿದವನು ಅವಳ ಮಾವ ರಾಮಣ್ಣ. ಬೆಕ್ಕಿಗೆ ಇದೆಲ್ಲ ರೂಢಿಯಾಗಿತ್ತು. ಸೊಸೆಯಾದವಳು ಮಾವನ ಮುಖ ನೋಡಿ ಮಾತಾಡಬಾರದು, ಮಾವ ಬಂದರೆ ಕೂತಿರಬಾರದು, ಮಾವನ ಹೆಸರನ್ನಂತೂ ಬಾಯಲ್ಲಿ ಎತ್ತಲೇಬಾರದು ಎನ್ನುವುದು ಆ ಮನೆಯಲ್ಲಿ ತಾನಾಗಿಯೇ ನಡೆದುಬಂದಿದ್ದ ಮರ್ಯಾದೆ ಎಂದು ರಾಮಣ್ಣ ತಿಳಿದಿದ್ದ. ಹೆಂಡತಿ ಹುಚ್ಚಮ್ಮ ಬದುಕಿದ್ದಾಗ ಇಬ್ಬರ ನಡುವೆ ನಿಂತು ಮಾತು ದಾಟಿಸುತ್ತಿದ್ದಳು. ಸಾರಿಗೆ ಉಪ್ಪು ಸಾಲದು ಎಂದು ಅವನು ಅಂದರೆ, ಎರಡು ಮಾರು ದೂರದಲ್ಲಿದ್ದ ಸೊಸೆಗೆ ಅದು ಕೇಳಿಯೇ ಇಲ್ಲವೆಂಬಂತೆ "ಉಪ್ಪು ಸಾಲ್ದಂತೆ ಕಣವ್ವ" ಎನ್ನುತ್ತಿದ್ದಳು. ಅವಳು ಹೋದ ಮೇಲೆ ಆ ಕೆಲಸ ಬೆಕ್ಕಿನ ಪಾಲಿಗೆ ಬಂತು. ಬೆಕ್ಕು ಸಿಗದ ದಿನ ಕಂಬ, ಕಂಬ ದೂರವಾದಾಗ ಟಿವಿ. ಮಗ ಶಿವಪ್ರಕಾಶ ಒಂದು ಸಂಜೆ ಅರಸೀಕೆರೆಯ ಟ್ರ್ಯಾಕ್ಟರ್ ಷೋರೂಮಿನ ಕೆಲಸ ಮುಗಿಸಿ ಬಂದಾಗ, ಅಪ್ಪ ವಾರ್ತೆ ಓದುವ ಹುಡುಗಿಗೆ "ಸ್ನಾನಕ್ಕೆ ನೀರು ಕಾಯ್ಸಿದ್ರೆ ಚೆಂದಾಗಿತ್ತು" ಎಂದು ಹೇಳುತ್ತಿದ್ದುದನ್ನು ಕೇಳಿ ಬಾಗಿಲಲ್ಲೇ ನಿಂತುಬಿಟ್ಟಿದ್ದ.

ಇವತ್ತು ರಾಮಣ್ಣನ ಮನಸ್ಸು ಆ ಕಾಫಿಯ ಮೇಲಿರಲಿಲ್ಲ. ಮಧ್ಯಾಹ್ನ ಡೇರಿಯಲ್ಲಿ ಸಭೆಯಿತ್ತು. ಡೇರಿ ಎಂದರೆ ಹಳೇಬೀಡಿಗೂ ಮಾದಿಹಳ್ಳಿಗೂ ನಡುವಿನ ಆ ಸಣ್ಣ ಊರಿನ ಹಾಲು ಉತ್ಪಾದಕರ ಸಂಘ. ಅದನ್ನು ಊರಿಗೆ ತಂದವನು ರಾಮಣ್ಣ, ಅದರ ಒಂದನೇ ನಂಬರಿನ ಸದಸ್ಯ ರಾಮಣ್ಣ, ಬಹುಕಾಲ ಅಧ್ಯಕ್ಷನಾಗಿದ್ದವನೂ ರಾಮಣ್ಣನೇ. ಈಗ ಅಧ್ಯಕ್ಷೆ ರುಕ್ಮಿಣಮ್ಮ. ಅದು ಹೇಗಾಯಿತೆಂದರೆ, ಮಹಿಳಾ ಮೀಸಲು ಬಂದ ವರ್ಷ ಜಾಗ ತುಂಬಿಸಲು ಅವನೇ ಹುಚ್ಚಮ್ಮನನ್ನು ಸದಸ್ಯೆ ಮಾಡಿ, ಸಭೆಗೆ ಕರೆದುಕೊಂಡು ಹೋಗಿ ಗೋಡೆಗೆ ಒರಗಿಸಿ ಕೂರಿಸುತ್ತಿದ್ದ. ಅವಳು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ, ಕೊಟ್ಟ ಬಿಸ್ಕತ್ತನ್ನು ಮೊಮ್ಮಕ್ಕಳಿಗೆಂದು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ಸದಸ್ಯತ್ವ ಸೊಸೆಗೆ ಬಂತು. ಹೋದ ಚುನಾವಣೆಯಲ್ಲಿ ಊರಿನ ಎರಡು ಗುಂಪುಗಳಿಗೆ ಒಬ್ಬರು ಹೇಳಿದ ಹೆಸರು ಇನ್ನೊಬ್ಬರಿಗೆ ಆಗದೆ, ಬಾಯಿ ಬಿಡದವಳೊಬ್ಬಳನ್ನು ಕೂರಿಸೋಣವೆಂದು ಇಬ್ಬರೂ ಸೇರಿ ರುಕ್ಮಿಣಮ್ಮನನ್ನು ಅಧ್ಯಕ್ಷೆ ಮಾಡಿದರು. ಅವಳು ಬಾಯಿ ಬಿಡುವುದಿಲ್ಲವೆಂದು ಊರಿಗೆ ಭರವಸೆ ಕೊಟ್ಟವನು ರಾಮಣ್ಣ. ಅವನಿಗೆ ತಿಳಿದಮಟ್ಟಿಗೆ ಅದು ಸುಳ್ಳೇನೂ ಆಗಿರಲಿಲ್ಲ.

ಅವಳ ಮೊದಲ ಸಭೆಯ ದಿನ ಅವನು ಒಗೆದ ಪಂಚೆ ಉಟ್ಟು, ಸ್ವಲ್ಪ ತಡ ಮಾಡಿಯೇ ಹೋಗಿದ್ದ. ಒಳಗೆ ಕಾಲಿಟ್ಟದ್ದೇ ತಡ, ಮೇಜಿನ ಹಿಂದಿದ್ದ ರುಕ್ಮಿಣಮ್ಮ ಎದ್ದು ಸೆರಗು ಹೊದ್ದು ನಿಂತಳು. ಅಧ್ಯಕ್ಷರು ಎದ್ದರೆಂದು ಕಾರ್ಯದರ್ಶಿ ಲತಾಮಣಿ ಎದ್ದಳು. ಅವರಿಬ್ಬರೂ ಎದ್ದರೆಂದು ನಿರ್ದೇಶಕರು ಎದ್ದರು. ಯಾಕೆಂದು ತಿಳಿಯದೆ ಹಿಂದಿದ್ದವರೂ ಎದ್ದರು. ಒಬ್ಬನಂತೂ ನಾಡಗೀತೆ ಇರಬೇಕೆಂದು ತಲೆಯ ಟವಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ರಾಮಣ್ಣ ಕೂತ. ಬೇರೆ ಯಾರೂ ಕೂರಲಿಲ್ಲ. ಕೂತ್ಕೊಳ್ಳಿ ಎನ್ನೋಣವೆಂದರೆ ಸೊಸೆಗೆ ನೇರವಾಗಿ ಹೇಳುವ ಹಾಗಿಲ್ಲ, ಡೇರಿಯಲ್ಲಿ ಬೆಕ್ಕಿಲ್ಲ. ಕೊನೆಗೆ "ತ್ವಾಟದ ಕಡೆ ಕೆಲ್ಸ ಐತೆ" ಎಂದು ಗೋಡೆ ಗಡಿಯಾರಕ್ಕೆ ಹೇಳಿ ಹೊರಗೆ ಬಂದ. ಹಿಂದೆ ಕುರ್ಚಿಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. ದಾರಿಯುದ್ದಕ್ಕೂ ಎದೆ ಉಬ್ಬಿತ್ತು. ಇಷ್ಟು ದೊಡ್ಡ ಹುದ್ದೆಗೆ ಏರಿದರೂ ಸೊಸೆ ಮಾವನಿಗೆ ಕೊಡುವ ಗೌರವ ಬಿಟ್ಟಿಲ್ಲ, ಊರೇ ನೋಡಿತು. ಆದರೆ ಮನೆ ಹತ್ತಿರವಾದಂತೆ ಸಣ್ಣದೊಂದು ಅನುಮಾನ ಕಾಲಿಗೆ ತೊಡರಿಕೊಂಡಿತು. ಸಭೆ ಒಳಗೆ ನಡೆಯುತ್ತಿದೆ, ಗೌರವ ಪಡೆದವನು ಯಾಕೆ ಹೊರಗಿದ್ದಾನೆ? ಅನುಮಾನವನ್ನು ಒದರಿಕೊಂಡು ಅವತ್ತು ಊಟ ಮಾಡಿದ್ದ. ಅದು ಪೂರ್ತಿ ಹೋಗಿರಲಿಲ್ಲ.

ನಿನ್ನೆ ಕಾಳೇಗೌಡ ಬಂದು ಜಗಲಿಯ ಮೇಲೆ ಕೂತು ಬೀಡಿ ಹಚ್ಚಿ ಹೊಸ ಸುದ್ದಿ ಕೊಟ್ಟ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ವರ್ಷ ಡೇರಿಗೆ ಸೇರಿದವರು. "ಏನ್ಲಾ ರಾಮ, ನಿನ್ ಸೊಸೆ ನಮ್ ಬುಡಕ್ಕೇ ಕೊಡ್ಲಿ ಇಕ್ತಾವಳಲ್ಲ. ಒಂದು ಕೊಟ್ಟಿಗೆಗೆ ಒಂದೇ ಸದಸ್ಯತ್ವವಂತೆ, ಅದೂ ಹಾಲು ಕರೆಯೋರ ಹೆಸ್ರಿಗಂತೆ. ನಮ್ ಹೆಸ್ರೆಲ್ಲ ಹೊಡ್ದಾಕಿ ಹೆಂಗಸ್ರ ಹೆಸ್ರು ಬರ್ಕೊಳೋದು. ನಿನ್ನ ಒಂದನೇ ನಂಬರೂ ಹೋಯ್ತದೆ ಕಣ್ಲಾ." ರಾಮಣ್ಣ ಅಡಿಗೆಮನೆಯ ಕಡೆ ನೋಡಿದ. ಅಲ್ಲಿ ಒಗ್ಗರಣೆಯ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ಕಾಳೇಗೌಡ ದನಿ ತಗ್ಗಿಸಿದ. "ನಾವ್ಯಾರೂ ಹೋಗಲ್ಲ. ಕೋರಂ ಆಗಲ್ಲ. ಅದ್ಹೆಂಗೆ ನಿರ್ಣಯ ಮಾಡ್ತಾರೋ ನೋಡಾನ. ನೀನೂ ಮನೇಲಿ ಬಿದ್ಕೊ, ಅಷ್ಟೇಯ." ರಾಮಣ್ಣ ಹೂಂ ಎಂದ. ಖಾಲಿ ಕುರ್ಚಿಗಳ ಎದುರು ಸೊಸೆ ಒಬ್ಬಳೇ ಕೂತಿರುವುದು ಕಣ್ಣಿಗೆ ಕಟ್ಟಿ ಒಂದು ಗಳಿಗೆ ಹಿತವಾಯಿತು, ಮರುಗಳಿಗೆ ಆ ಹಿತಕ್ಕೆ ನಾಚಿಕೆಯಾಯಿತು. ಒಂದನೇ ನಂಬರು. ಅದನ್ನು ಪಡೆಯಲು ಹಾಸನದ ಆಫೀಸುಗಳಿಗೆ ಎಷ್ಟು ಸಲ ಅಲೆದಿದ್ದ, ಯಾರ‍್ಯಾರ ಮೇಜಿನ ಮುಂದೆ ಟವಲು ಹಿಡಿದು ನಿಂತಿದ್ದ. ಅದನ್ನು ಕಿತ್ತುಕೊಳ್ಳುವವಳು ಯಾಕೆ ಹೀಗೆ ಮಾಡಿದಳೆಂದು ಕೇಳಬೇಕೆನಿಸಿ, ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತ, "ಇದ್ದಕ್ಕಿದ್ದಂಗೆ ಇದೆಲ್ಲ ಯಾಕೆ ಬೇಕಿತ್ತು?" ಎಂದು ಗಟ್ಟಿಯಾಗಿಯೇ ಕೇಳಿದ. ಬೆಕ್ಕು ಆಕಳಿಸಿತು. ಒಳಗೆ ಪಾತ್ರೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಊಟವಾದ ಮೇಲೆ ಮಲಗಿದ. ನಿದ್ದೆ ಬರಲಿಲ್ಲ. ಎದ್ದು, ತೆಂಗಿನ ಸಸಿಗೆ ದನ ಬಾಯಿ ಹಾಕಿದೆಯೇನೋ ನೋಡಿಬರೋಣವೆಂದು ಹೊರಟ ಕಾಲುಗಳು ತೋಟದ ದಾರಿ ಬಿಟ್ಟು ಡೇರಿಯ ಹಿತ್ತಿಲಿಗೆ ಬಂದವು. ಕ್ಯಾನು ತೊಳೆಯುವ ಕಡೆ ಒಂದು ಬಾಗಿಲಿದೆ. ಅದರ ಒಳಗೆ, ಲಾರಿ ಬರುವ ತನಕ ಊರಿನ ಹಾಲನ್ನೆಲ್ಲ ತಣ್ಣಗಿಡುವ ದೊಡ್ಡ ಸ್ಟೀಲಿನ ಕೂಲರು, ಕೂಲರಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಿಲ್ಲುವಷ್ಟು ಸಂದು. ಇನ್ನೂ ಯಾರೂ ಬಂದಿರಲಿಲ್ಲ. ರಾಮಣ್ಣ ಸಂದಿಗೆ ತೂರಿಕೊಂಡ. ಎದುರಿಗೆ ಹೋದರೆ ಅವಳು ಏಳುತ್ತಾಳೆ, ಹಸುವಿನ ಕೆಳಗೆ ಕುಕ್ಕರಗಾಲಲ್ಲಿ ಕೂತೂ ಕೂತೂ ಅವಳ ಮಂಡಿ ಹಿಡಿದುಹೋಗಿದೆ, ಪಾಪ. ಅವಳಿಗೋಸ್ಕರವೇ ಇಲ್ಲಿ ನಿಂತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಬರುವುದಿಲ್ಲ ಎಂದು ಕಾಳೇಗೌಡನಿಗೆ ಕೊಟ್ಟ ಮಾತನ್ನೂ ಮುರಿದಂತಾಗಲಿಲ್ಲ, ಯಾಕೆಂದರೆ ತಾನು ಬಂದಿರುವುದು ಯಾರಿಗೂ ಕಾಣುವಂತಿರಲಿಲ್ಲ. ತಾನೇ ರಿಬ್ಬನ್ ಕತ್ತರಿಸಿ ಉದ್ಘಾಟಿಸಿದ ಕೂಲರಿನ ಹಿಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತಾಗ, ಎಪ್ಪತ್ತು ದಾಟಿದ ಯಜಮಾನನೊಬ್ಬ ಮಾಡುವ ಕೆಲಸ ಇದಲ್ಲ ಎಂದು ಅನ್ನಿಸದೆ ಇರಲಿಲ್ಲ. ಅಷ್ಟರಲ್ಲಿ ಹೆಂಗಸರ ದನಿಗಳು ಬಂದವು, ಹೊರಗೆ ಹೋಗುವುದು ತಪ್ಪಿಹೋಯಿತು.

ಮೊದಲು ಬಂದವರು ಲತಾಮಣಿ ಮತ್ತು ಅವಳ ತಾಯಿ ಸಣ್ಣತಾಯಮ್ಮ. ಲತಾಮಣಿ ಬೇಲೂರಿನ ಕಾಲೇಜಿನಲ್ಲಿ ಓದಿ ಈ ಕೆಲಸಕ್ಕೆ ಸೇರಿದವಳು. ಕೆಳಗಿನ ಕೇರಿಯ ಅವರ ಮನೆಯಲ್ಲಿ ಬುದ್ಧನ ಪಟ ಇದೆ, ಎರಡು ಸೀಮೆಹಸು ಇವೆ. ರಾಮಣ್ಣ ಅಧ್ಯಕ್ಷನಾಗಿದ್ದ ಕಾಲದಲ್ಲಿ ಸಣ್ಣತಾಯಮ್ಮನ ಹಾಲನ್ನು ಎಲ್ಲರದೂ ಮುಗಿದ ಮೇಲೆ ಬೇರೆ ಕ್ಯಾನಿಗೆ ಅಳೆಸುತ್ತಿದ್ದ. ಈಗ ಆಕೆ ಕೂಲರಿಗೆ ಹತ್ತಿರದ ಕುರ್ಚಿಯನ್ನು ಎಳೆದುಕೊಂಡು ಕಾಲ ಮೇಲೆ ಕಾಲು ಹಾಕಿ ಕೂತಳು. ಸಂದಿಯಿಂದ ರಾಮಣ್ಣನಿಗೆ ಅವಳ ಹಿಮ್ಮಡಿ ಮಾತ್ರ ಕಾಣುತ್ತಿತ್ತು. ಹಿಂದೆಯೇ ರುಕ್ಮಿಣಮ್ಮ ಬಂದಳು. ಸಣ್ಣತಾಯಮ್ಮ ಕೇಳಿದಳು:

"ಅಲ್ಲ ಕಣವ್ವ ರುಕ್ಮಿಣಿ, ನಿಮ್ಮಾವ ಬಂದ್ರೆ ಹೋದ್ ಸಲದಂಗೆ ನಮ್ಮನ್ನೆಲ್ಲ ನಿಲ್ಲಿಸ್ತೀಯಾ? ನನ್ ಕೈಲಾಗಲ್ಲ, ಈಗ್ಲೇ ಹೇಳಿವ್ನಿ."

"ಬರಲ್ಲ ಬಿಡಿ. ಬಂದ್ರೂ ಎದ್ ನಿಂತ್ರೆ ಹೊಂಟೋಯ್ತಾರೆ."

"ಹಂಗಂದ್ರೆ?"

"ಇಷ್ಟು ವರ್ಸ ನಾನು ಮಾಡಿರೋದೇ ಅದಲ್ವಾ. ಕೂತೇ ಇದ್ರೆ ಅವ್ರೂ ಕೂತ್ಕತಾರೆ. ಕೂತ್ಕಂಡ್ರೆ ಹಾಸನಕ್ಕೋಗಿ ಡೇರಿ ತಂದ ಕತೆ ಸುರು ಮಾಡ್ತಾರೆ, ಬೆಕ್ಕಿನ್ ತಾವ. ಅದೇ ಎದ್ದು ಸೆರಗು ಹೊದ್ಕಂಡು ನಿಂತ್ಕಳಿ, ಆ ಕಡೆ ನೋಡ್ತಾರೆ, ಈ ಕಡೆ ನೋಡ್ತಾರೆ, ಒಂದ್ಸಲ ಕೆಮ್ತಾರೆ, ಹೊಂಟೋಯ್ತಾರೆ. ಆಮೇಲೆ ಹಾಯಾಗಿ ಕಾಲು ಚಾಚ್ಕಂಡು ಕೂತ್ಕಬೋದು. ನಮ್ಮತ್ತೆನೇ ಹೇಳ್ಕೊಟ್ಟಿದ್ದು."

ಸಣ್ಣತಾಯಮ್ಮ ನಕ್ಕಳೋ ಇಲ್ಲವೋ ತಿಳಿಯಲಿಲ್ಲ, ಏಕೆಂದರೆ ಆ ಹೊತ್ತಿಗೆ ಸರಿಯಾಗಿ ಕೂಲರಿನ ಮೋಟರು ಶುರುವಾಗಿ ಬೇರೆಲ್ಲ ಸದ್ದನ್ನೂ ನುಂಗಿಹಾಕಿತು. ಆ ಗುರ್ರೆನ್ನುವ ಸದ್ದಿನೊಳಗೆ ರಾಮಣ್ಣ ತನ್ನೊಬ್ಬನ ಜೊತೆಗೇ ಉಳಿದ. ಅರೇಹಳ್ಳಿಯಿಂದ ರುಕ್ಮಿಣಮ್ಮನ ತಂಗಿ ಬಂದಿದ್ದಾಗ ಇಬ್ಬರೂ ನಡುಮನೆಯಲ್ಲಿ ಕೂತು ಏನೋ ಪಿಸುಗುಟ್ಟಿ ನಗುತ್ತಿದ್ದರು. ನಾನು ಹೋದೆ, ಎದ್ದಳು, ನಾನು ಕೆಮ್ಮಿದೆ, ಬಂದೆ. ಧಾರಾವಾಹಿ ನೋಡುತ್ತಿದ್ದಳು, ಹೋದೆ, ಎದ್ದಳು, ಕೆಮ್ಮಿದೆ, ಬಂದೆ. ಮಳೆ ಹಿಡಿದ ದಿನ ಒಲೆಯ ಮುಂದೆ ಬೆಚ್ಚಗಿತ್ತು. ಅಲ್ಲಿಂದಲೂ ಕೆಮ್ಮಿ ಬಂದೆ. ಪ್ರತಿ ಸಲವೂ ಹೊರಗೆ ಬಂದು ಚಳಿಯಲ್ಲಿ ಕೂತು, ಸೊಸೆ ಎಂದರೆ ಹೀಗಿರಬೇಕು ಎಂದು ಖುಷಿಪಟ್ಟಿದ್ದನ್ನು ನೆನೆದಾಗ ಅವನ ಕಿವಿ ಬಿಸಿಯಾಯಿತು. ಬಾಳೆಲ್ಲ ಉಂಡದ್ದನ್ನು ಒಂದೇ ಗಳಿಗೆಯಲ್ಲಿ ಕಕ್ಕಬೇಕಾಗಿ ಬಂದಂತಾಯಿತು. ಆಮೇಲೆ ಹುಚ್ಚಮ್ಮ ನೆನಪಾದಳು. ಅವಳೂ ನಿಲ್ಲುತ್ತಿದ್ದಳು. ಅವನು ಉಣ್ಣುವಷ್ಟು ಹೊತ್ತೂ ಅಡಿಗೆಮನೆಯ ಬಾಗಿಲಿಗೆ ಕೈಕೊಟ್ಟು ನಿಂತಿರುತ್ತಿದ್ದಳು, ಅದನ್ನು ಪ್ರೀತಿ ಎಂದು ತಿಳಿದು ಅವನು ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದ. ಬೇಗ ಎದ್ದು ಹೋಗಲಿ ಎಂದು ಕಾಯುತ್ತಿದ್ದಳೇ? ಅವಳ ಹಸಿವಿನ ಯೋಚನೆಯೇ ತನಗೆ ಯಾವತ್ತೂ ಬಂದಿರಲಿಲ್ಲವಲ್ಲ. ಕೇಳೋಣವೆಂದರೆ ಅವಳು ಇಲ್ಲ. ಅವನಿಗೆ ಅಳು ಬರುವಂತಾಯಿತು, ಜೊತೆಗೆ ಗೋಡೆಯ ಸುಣ್ಣದ ಪುಡಿ ಮೂಗಿಗೆ ಹೋಗಿ ಸೀನೂ ಬರುವಂತಾಯಿತು. ಮೂಗು ಹಿಡಿದುಕೊಂಡ.

ಮೋಟರು ನಿಂತಾಗ ಕೋಣೆ ತುಂಬಿತ್ತು. ಲತಾಮಣಿ ಹಾಜರಿ ಕೂಗಿ ಮುಗಿಸಿ, "ಕೋರಂಗೆ ಒಬ್ರು ಕಮ್ಮಿ ಅಕ್ಕ" ಎನ್ನುತ್ತಿದ್ದಳು. ರಾಮಣ್ಣ ಸಂದಿಯಿಂದ ಕತ್ತು ಚಾಚಿ ನೋಡಿದ. ಕುರ್ಚಿಗಳ ಮೇಲೆ ಗಂಡ ಸತ್ತು ಸದಸ್ಯರಾದವರು, ಮೀಸಲಿಗೆ ಸದಸ್ಯರಾದವರು, ಜಗಳಕ್ಕೆ ಹೆದರದ ನಾಲ್ಕೈದು ಗಂಡಸರು ಇದ್ದರು. ಗೋಡೆಯುದ್ದಕ್ಕೂ, ಬಾಗಿಲ ಹೊರಗೂ ಊರಿನ ಉಳಿದ ಹೆಂಗಸರೆಲ್ಲ ಒತ್ತೊತ್ತಾಗಿ ನಿಂತಿದ್ದರು. ದಿನಾ ಎರಡು ಹೊತ್ತು ಹಾಲು ಕರೆದು ತಂದು ಸುರಿಯುವವರು ಅವರೇ. ಸದಸ್ಯರು ಅವರ ಗಂಡಂದಿರಾದ್ದರಿಂದ ಅವರು ಯಾರೂ ಲೆಕ್ಕಕ್ಕೆ ಬರುತ್ತಿರಲಿಲ್ಲ.

"ಒಂದರ್ಧ ಗಂಟೆ ಕಾಯೋಣ," ಎಂದಳು ರುಕ್ಮಿಣಮ್ಮ. "ಗಂಡಸ್ರಿಗೆಲ್ಲ ಇವತ್ತು ಒಟ್ಟಿಗೇ ತ್ವಾಟದಲ್ಲಿ ಕೆಲ್ಸ ಬಂದ್ಬುಟ್ಟೈತೆ. ನಮ್ಮೂರ್ನಾಗೆ ಒಂದೇ ದಿನ ಇಷ್ಟು ಜನ ತ್ವಾಟಕ್ಕೋಗಿರೋದು ನಾನು ಬಂದಾಗ್ನಿಂದ ಇದೇ ಮೊದ್ಲು. ಪಾಪ, ತೆಂಗಿನ ಮರ ಎಲ್ಲ ಹೆದ್ರುಕೊಂಡಿರ್ತವೆ, ಇವ್ರ್ಯಾರಪ್ಪ ಬಂದ್ರು ಅಂತ."

ಕೋಣೆ ಗೊಳ್ಳೆಂದಿತು. ಕೂಲರಿನ ಹಿಂದೆ ರಾಮಣ್ಣನಿಗೂ ನಗು ಬಂತು. ತಡೆಯೋಣವೆಂದು ಬಾಯಿಗೆ ಕೈ ಒತ್ತಿದ, ಆದರೆ ಕಾಳೇಗೌಡ ತೋಟದ ನಡುವೆ ನಿಂತು ತನ್ನದೇ ಮರಗಳಿಗೆ ಪರಿಚಯ ಹೇಳಿಕೊಳ್ಳುತ್ತಿರುವುದು ಕಣ್ಣಿಗೆ ಕಟ್ಟಿ, ನಗು ಮೂಗಿನಿಂದ ಹೊರಗೆ ಬಂತು. ಇವಳು ಇಷ್ಟು ಚೆನ್ನಾಗಿ ಮಾತಾಡುತ್ತಾಳೆ! ಇಷ್ಟು ವರ್ಷ ತನ್ನ ಮನೆಯಲ್ಲೇ, ತನ್ನ ಗೋಡೆಯ ಆಚೆಗೇ ಇವಳಿದ್ದಳು. ತನಗೆ ಸಿಕ್ಕಿದ್ದು ಕಾಫಿ ಆರುತ್ತದೆ, ನೀರು ಕಾದಿದೆ ಎನ್ನುವ ಮಾತುಗಳು, ಅವೂ ಬೆಕ್ಕಿಗೆ ಹೇಳಿದವು. ಅವನಿಗೆ ಆ ಕೋಣೆಯಲ್ಲಿದ್ದವರ ಮೇಲೆಲ್ಲ ಹೊಟ್ಟೆಕಿಚ್ಚಾಯಿತು. ತಲೆ ಎತ್ತಿದರೆ ಸಣ್ಣತಾಯಮ್ಮ ಕೂಲರಿನ ಮೇಲಿಂದ ಬಗ್ಗಿ ಅವನನ್ನೇ ನೋಡುತ್ತಿದ್ದಳು.

"ಗೌಡ್ರೇ," ಎಂದಳು ಸಮಾಧಾನವಾಗಿ, "ಅಲ್ಲಿ ಇಲಿ ಅವೆ. ಈಚೆಗೆ ಬನ್ನಿ."

ರಾಮಣ್ಣ ಬೆನ್ನಿಗೆಲ್ಲ ಸುಣ್ಣ ಮೆತ್ತಿಸಿಕೊಂಡು, ಒಂದು ಚಪ್ಪಲಿಯನ್ನು ಸಂದಿಯಲ್ಲೇ ಬಿಟ್ಟು, ಅಡ್ಡಡ್ಡವಾಗಿ ಹೊರಗೆ ಬಂದ. ರುಕ್ಮಿಣಮ್ಮ ಎದ್ದು ಸೆರಗು ಹೊದ್ದಳು. ಲತಾಮಣಿ ಎದ್ದಳು. ಸಣ್ಣತಾಯಮ್ಮನನ್ನು ಬಿಟ್ಟು ಕುರ್ಚಿಯ ಮೇಲಿದ್ದವರೆಲ್ಲ ಎದ್ದರು. ರಾಮಣ್ಣ ಆ ಕಡೆ ನೋಡಿದ. ಈ ಕಡೆ ನೋಡಿದ. ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು, ಗಂಟಲಲ್ಲಿ ಕೆಮ್ಮು ಸಿದ್ಧವಾಗಿತ್ತು. ಆ ಕೆಮ್ಮನ್ನು ಅವನು ಗುರುತು ಹಿಡಿದ. ನುಂಗಿಕೊಂಡು, ಹತ್ತಿರದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಕೂತ. ಬೆಕ್ಕಿರಲಿಲ್ಲ. ಗಡಿಯಾರದ ಕಡೆ ಹೋದ ಕಣ್ಣನ್ನು ಬಲವಂತವಾಗಿ ತಂದು ಸೊಸೆಯ ಮುಖದ ಮೇಲಿಟ್ಟ. ಅವಳ ಮೂಗಿನ ಪಕ್ಕ ಒಂದು ಮಚ್ಚೆ ಇತ್ತು. ಕಿವಿಯ ಹತ್ತಿರ ಕೂದಲು ನರೆತಿತ್ತು. ಅವಳಿಗೆ ಯಾವಾಗ ವಯಸ್ಸಾಯಿತೋ ಅವನಿಗೆ ಗೊತ್ತಾಗಿರಲಿಲ್ಲ.

"ನಿಂತ್ಕಳಂಗಿದ್ರೆ ನಿಂತ್ಕೊ," ಎಂದ. "ನಾನು ಹೋಗಲ್ಲ."

ರುಕ್ಮಿಣಮ್ಮ ಅವನನ್ನು ನೋಡಿದಳು, ಕೂಲರಿನ ಸಂದಿಯನ್ನು ನೋಡಿದಳು, ಅವನು ಯಾವಾಗಿನಿಂದ ಅಲ್ಲಿದ್ದ ಎಂಬುದನ್ನು ಲೆಕ್ಕ ಹಾಕಿರಬೇಕು, ಮುಖ ಕೆಂಪಾಯಿತು. ಆಮೇಲೆ ಮೇಜಿಗೆ ಕೈಕೊಟ್ಟು, ಮಂಡಿ ನೋವಿಗೆ ಸಣ್ಣಗೆ ನರಳಿ, ಮಾವನ ಎದುರಿಗೇ ಕೂತಳು. ಕುರ್ಚಿಗಳೆಲ್ಲ ಕಿರುಗುಟ್ಟಿದವು. "ಲತಾಮಣಿ, ಕೋರಂ ಆಯ್ತಲ್ಲ. ಸುರು ಮಾಡವ್ವ."

ಕಾಳೇಗೌಡ ಹೇಳಿದ್ದು ರಾಮಣ್ಣನಿಗೆ ಮರೆತೇಹೋಗಿತ್ತು. ಈಗ ಎದ್ದು ಹೋದರೆ ಸಭೆ ಮುರಿಯುತ್ತದೆ, ಒಂದನೇ ನಂಬರು ಉಳಿಯುತ್ತದೆ. ಬಾಗಿಲು ಮೂರು ಹೆಜ್ಜೆ. ಆದರೆ ಈಗ ತಾನೆ ಊರ ಮುಂದೆ ಹೋಗಲ್ಲ ಎಂದು ಹೇಳಿ ಕೂತಾಗಿದೆ. ಲತಾಮಣಿ ನಿರ್ಣಯ ಓದಿದಳು. ಯಾರಾದರೂ ಮಾತಾಡುವುದಿದೆಯೇ ಎಂದು ಕೇಳಿದಳು.

"ನಾನು ಮಾತಾಡ್ಬೇಕು," ಎಂದ ರಾಮಣ್ಣ. "ಈ ಡೇರಿ ಬಾಗ್ಲು ತೆಗ್ಸಿದೋನು ನಾನು."

"ಹೌದು ಮಾವ, ಬಾಗ್ಲು ನೀವೇ ತೆಗ್ಸಿದ್ರಿ," ಎಂದಳು ರುಕ್ಮಿಣಮ್ಮ. ನೇರವಾಗಿ, ಅವನ ಮುಖ ನೋಡಿ. "ಹಾಲು ತಂದೋರು ಅತ್ತೆ."

"ಕ್ಯಾನ್ ಹೊತ್ತಿವ್ನಿ ನಾನು. ಹೆಗಲ ಮೇಲೆ."

"ಹೊತ್ತಿದ್ದೀರಿ. ಈಗ ಯಾರು ಹೊರ್ತಾವ್ರೆ?"

"ನೀನು."

"ಕರೆಯೋದು?"

"ನೀನೇ. ಆದ್ರೆ ನಂಬರು ನಂದು. ಅದಕ್ಕೋಸ್ಕರ ನಾನು ಹಾಸನ್ದಾಗೆ..."

"ಆ ಕತೆ ಬ್ಯಾಡಿ ಮಾವ. ಬೆಕ್ಕಿಗೂ ಬಾಯ್ಪಾಠ ಆಗೈತೆ."

ಜನ ನಕ್ಕರು. ರಾಮಣ್ಣನಿಗೆ ಸಿಟ್ಟು ಬಂತು, ಅವಳ ಮಾತಿಗೆ ಎದುರು ಮಾತು ಹುಡುಕತೊಡಗಿದ. ಹುಡುಕುತ್ತಿರುವಾಗ, ಇಂಥ ಹುರುಪು ತನಗೆ ಹುಚ್ಚಮ್ಮ ಹೋದಾಗಿನಿಂದ ಬಂದಿರಲಿಲ್ಲ ಎನ್ನುವುದು ಹೊಳೆಯಿತು. "ಸೈ, ನಿಮ್ಮ ಹೆಸ್ರು ಸೇರಿಸ್ಕಳಿ. ನಮ್ದನ್ನ ಯಾಕೆ ಹೊಡಿಯೋದು?" ಎಂದ. ಇದು ಒಳ್ಳೆಯ ಮಾತು ಎಂದು ಅವನಿಗೇ ಅನ್ನಿಸಿತು, ಒಬ್ಬಿಬ್ಬರು ತಲೆಯನ್ನೂ ಆಡಿಸಿದರು.

"ಒಂದು ಹಸುಗೆ ಇಬ್ರು ಯಜಮಾನ್ರಿದ್ರೆ, ಸಭೆಗೆ ಬರೋದು ಗಂಡಸ್ರು, ಸಗಣಿ ಬಾಚೋದು ಹೆಂಗಸ್ರು," ಎಂದಳು ರುಕ್ಮಿಣಮ್ಮ. "ಅತ್ತೆ ಇಲ್ಲಿಗೆ ಬರ್ತಿದ್ರು. ಈ ಗೋಡೆಗೆ ಒರಗ್ಕಂಡು ಕೂತಿರೋರು. ಒಂದಿನ ಒಂದು ಮಾತು ಕೇಳಿದ್ರಾ ಅವ್ರನ್ನ?"

ರಾಮಣ್ಣ ಆ ಗೋಡೆಯ ಕಡೆ ನೋಡಿದ. ಯಾರೂ ನಗಲಿಲ್ಲ. ಲತಾಮಣಿ ಕೈ ಎತ್ತಲು ಹೇಳಿದಳು. ಒಪ್ಪಿದವರ ಕೈಗಳು ಎದ್ದವು. ಗೋಡೆಗೆ ಒತ್ತಿ ನಿಂತಿದ್ದವರು ಕೆಲವರು ತಾವೂ ಎತ್ತಿ, ನೆನಪಾಗಿ, ಇಳಿಸಿಕೊಂಡರು. ವಿರೋಧ ಇರುವವರು ಎಂದಾಗ ರಾಮಣ್ಣ ಒಬ್ಬನೇ ಕೈ ಎತ್ತಿದ. ಎತ್ತಿದ ಕೈಯನ್ನು ಇಳಿಸಲಿಲ್ಲ. ಸೊಸೆ ಹೇಳಿದ್ದು ನಿಜ ಎಂದು ಅವನಿಗೆ ಗೊತ್ತಿತ್ತು. ಆದರೆ ನಂಬರು ಅವನದು, ಅದನ್ನು ತಾನಾಗಿ ಬಿಟ್ಟುಕೊಟ್ಟು ದೊಡ್ಡವನಾಗುವುದು ಅವನಿಗೆ ಬೇಕಿರಲಿಲ್ಲ.

"ವಿರೋಧ ಒಬ್ರು," ಎಂದಳು ಲತಾಮಣಿ. "ಹೆಸ್ರು ಹೇಳಿ ಅಕ್ಕ. ಅಧ್ಯಕ್ಷರೇ ಹೇಳ್ಬೇಕು, ನಾನು ಬರ್ಕೋತೀನಿ."

ರುಕ್ಮಿಣಮ್ಮ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. "ನಮ್ಮನೆ ದೊಡ್ಡೋರು," ಎಂದಳು ಆಮೇಲೆ.

"ಹಂಗೆ ಬರ್ಯಕ್ಕಾಗಲ್ಲ ಅಕ್ಕ."

ಎಲ್ಲರೂ ರುಕ್ಮಿಣಮ್ಮನ ಬಾಯನ್ನೇ ನೋಡುತ್ತಿದ್ದರು. ಮಾತನ್ನು ನುಂಗಲು ಮೋಟರೂ ಶುರುವಾಗಲಿಲ್ಲ. ರಾಮಣ್ಣನಿಗೆ ಯಾಕೋ ಭಯವಾಯಿತು. ಅವನ ಹೆಸರು ಊರ ಗಂಡಸರ ಬಾಯಲ್ಲಿತ್ತು, ಕಲ್ಲಿನ ಮೇಲೆ ಕೆತ್ತಿಸಿದ್ದು ಡೇರಿಯ ಬಾಗಿಲ ಪಕ್ಕದಲ್ಲಿತ್ತು. ಅವ್ವ ಸತ್ತ ಮೇಲೆ ಅವನ ಮನೆಯ ಒಂದು ಹೆಂಗಸಿನ ಬಾಯಲ್ಲೂ ಬಂದಿರಲಿಲ್ಲ. ರುಕ್ಮಿಣಮ್ಮ ತಲೆಯ ಮೇಲಿನ ಸೆರಗನ್ನು ಹೆಗಲಿಗೆ ಇಳಿಸಿದಳು.

"ರಾಮಣ್ಣ," ಎಂದಳು. "ವಿರೋಧ."

ಬೇರೆ ಯಾವ ಸದಸ್ಯನ ಹೆಸರನ್ನಾದರೂ ಹೇಳುವಂತೆಯೇ ಹೇಳಿದಳು. ಕೆನ್ನೆಗೆ ಹೊಡೆದಂತಾಯಿತು ಅವನಿಗೆ. ಉರಿಯಿತು. ಉರಿಯ ಹಿಂದೆಯೇ, ತಾನು ಈಗ ಈ ಕೋಣೆಯಲ್ಲಿ ನಿಜವಾಗಿ ಕೂತಿದ್ದೇನೆ, ತನ್ನ ಮಾತು ಸೋತರೂ ಬರಹಕ್ಕೆ ಸಿಕ್ಕಿದೆ ಎನ್ನಿಸಿ, ಅವನು ಯಾರೂ ಕೇಳದಿದ್ದರೂ "ಹೂಂ" ಎಂದ. ಎತ್ತಿದ ಕೈಯನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡ. ನಿರ್ಣಯ ಪಾಸಾಗಿತ್ತು. ಗೋಡೆಯ ಹತ್ತಿರದ ಹೆಂಗಸರು ಒಬ್ಬರನ್ನೊಬ್ಬರು ತಳ್ಳಿಕೊಂಡು ಕುರ್ಚಿಗಳ ಕಡೆ ಬರತೊಡಗಿದ್ದರು. ಒಬ್ಬಳು ಅವನ ಪಕ್ಕದ ಕುರ್ಚಿಯಲ್ಲಿ ಕೂತು, ಅವನ ಬೆನ್ನಿನ ಸುಣ್ಣ ತನ್ನ ಸೀರೆಗೆ ಹತ್ತದಂತೆ ಸ್ವಲ್ಪ ಸರಿದಳು.

"ಮುಂದಿನ ವಿಷಯ ಹಿಂಡಿ," ಎಂದಳು ರುಕ್ಮಿಣಮ್ಮ. "ಹೋದ ತಿಂಗ್ಳು ಬಂದ ಮೂಟೆ ಬೂಸಲು ಹಿಡಿದೈತೆ ಅಂತಾವ್ರೆ."

ಹಿಂಡಿಯ ಬಗ್ಗೆ ರಾಮಣ್ಣನಿಗೆ ಹೇಳುವುದಿತ್ತು. ಮೂಟೆಯನ್ನು ಬರಿ ನೆಲದ ಮೇಲೆ ಇಡುತ್ತಾರೆ, ಹಲಗೆ ಹಾಕುವುದಿಲ್ಲ, ಬೂಸಲು ಹಿಡಿಯದೆ ಇನ್ನೇನಾಗುತ್ತದೆ. ಬಾಯಿ ತೆರೆದವನಿಗೆ, ತಾನಿನ್ನು ಸದಸ್ಯನಲ್ಲ ಎನ್ನುವುದು ನೆನಪಾಯಿತು.

"ಸದಸ್ಯರಲ್ದೋರು ಮಾತಾಡ್ಬೋದಾ?" ಎಂದು ಸೊಸೆಯನ್ನೇ ಕೇಳಿದ.

"ಮಾತಾಡ್ಬೋದು ಮಾವ," ಎಂದಳು ಅವಳು. "ಕೈ ಎತ್ಬೇಕು, ಕರೆಯೋಗಂಟ ಕಾಯ್ಬೇಕು."

ರಾಮಣ್ಣ ಕೈ ಎತ್ತಿ ಕಾದ.